ಹಿಮ ಬೀಳುವ ಮುನ್ನ ಕಾಶ್ಮೀರದ ಮನೆ

ಭಾದ್ರಪದದ ಬಿಸಿಲು ಇನ್ನೂ ಚುರುಕಾಗಿರುವಾಗಲೇ ಶ್ರೀನಗರದ ಹಳೆಯ ಕೇರಿಗಳ ಕಿಟಕಿಗಳಲ್ಲಿ ಬದನೆಕಾಯಿಗಳು ತೂಗಾಡತೊಡಗುತ್ತವೆ. ತೊಟ್ಟಿನ ಬಳಿ ಕೂಡಿಕೊಂಡಿರುವಂತೆ ಉದ್ದಕ್ಕೆ ಸೀಳಿ, ಹಗ್ಗದ ಮೇಲೆ ಕಾಲು ಇಳಿಬಿಟ್ಟು ಕುಳಿತಂತೆ ಸಾಲಾಗಿ ನೇತುಹಾಕಿದ ಬದನೆಕಾಯಿಗಳು. ಅವುಗಳ ಪಕ್ಕದಲ್ಲಿ ರಿಬ್ಬನ್ನಿನಂತೆ ಹೆರೆದ ಸೋರೆಕಾಯಿ. ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಹಾರದಂತೆ ಪೋಣಿಸಿದ ಟರ್ನಿಪ್ ಗೆಡ್ಡೆ. ಚಾಪೆಯ ಮೇಲೆ ಹೋಳು ಮಾಡಿ ಹರಡಿದ ಟೊಮೇಟೊ. ಕಿಟಕಿಯ ಇಕ್ಕೆಲದಲ್ಲಿ ಕೆಂಪು ಮೆಣಸಿನಕಾಯಿಯ ಮಾಲೆ. ದಾಲ್ ಸರೋವರದ ಶಿಕಾರಾದಲ್ಲಿ ಕುಳಿತು ಹಾಯುವ ಪ್ರವಾಸಿಗರಿಗೆ ಇದು ಚಿತ್ರ ತೆಗೆದುಕೊಳ್ಳಬೇಕಾದ ಒಂದು ನೋಟ. ಆ ಮನೆಯ ಹೆಂಗಸರಿಗಾದರೋ ಅದು ಪುಷ್ಯ ಮಾಸದ ಅಡುಗೆ.

ಬೇಸಿಗೆಯಲ್ಲಿ ಅಟ್ಟದ ಮೇಲೆ ಸಂಡಿಗೆ ಹಪ್ಪಳ ಒಣಗಿಸಿ, ಸೌದೆ ಒಟ್ಟಿ, ಮಳೆಗಾಲದ ನಾಲ್ಕು ತಿಂಗಳಿಗೆ ಮನೆಯನ್ನು ಅಣಿ ಮಾಡುವ ಮಲೆನಾಡಿನ ಗೃಹಿಣಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮಲೆನಾಡಿನ ಮಳೆಯಲ್ಲಿ ಮನೆಯೊಳಗೆ ಕುಳಿತವನು ನಡುಗಬಹುದು, ಬೇಸರಪಡಬಹುದು. ಕಾಶ್ಮೀರದ ಚಳಿಗೆ ಸಿದ್ಧವಾಗದ ಮನೆಯಲ್ಲಿ ಪ್ರಾಣಕ್ಕೇ ಸಂಚಕಾರ. ಇನ್ನೂ ವಿಚಿತ್ರವೆಂದರೆ, ತೀರ ಚೆನ್ನಾಗಿ ಸಿದ್ಧವಾದ ಮನೆಯಲ್ಲಿಯೂ ಪ್ರಾಣಕ್ಕೆ ಸಂಚಕಾರವಿದೆ. ಅದರ ಕಥೆ ಮುಂದೆ ಬರುತ್ತದೆ.

ನಲವತ್ತು ದಿನದ ಕಟ್ಟು

ಸಮುದ್ರಮಟ್ಟದಿಂದ 5,200 ಅಡಿಗಳ ಎತ್ತರದಲ್ಲಿರುವ ಶ್ರೀನಗರದಲ್ಲಿ ಚಳಿಗೂ ಒಂದು ಪಂಚಾಂಗವಿದೆ. ಡಿಸೆಂಬರ್ 21ರಂದು ‘ಚಿಲ್ಲೈ ಕಲಾನ್’ ಆರಂಭ. ಚಿಲ್ಲಾ ಎಂದರೆ ಪಾರಸಿಯಲ್ಲಿ ನಲವತ್ತು ದಿನಗಳ ಅವಧಿ. ಕಲಾನ್ ಎಂದರೆ ದೊಡ್ಡದು. ಜನವರಿ 30ರವರೆಗೆ ಈ ಹಿರಿಯ ಚಳಿಯ ಆಳ್ವಿಕೆ. ಆ ಬಳಿಕ ಇಪ್ಪತ್ತು ದಿನಗಳ ‘ಚಿಲ್ಲೈ ಖುರ್ದ್’, ಎಂದರೆ ಕಿರಿಯ ಚಳಿ. ಕೊನೆಯದು ಹತ್ತು ದಿನಗಳ ‘ಚಿಲ್ಲೈ ಬಚ್ಚಾ’, ಚಳಿಯ ಕೂಸು. ಹೀಗೆ ಚಳಿಯ ಒಂದು ಸಂಸಾರವೇ ಸರದಿಯಂತೆ ಬಂದು ಹೋಗುತ್ತದೆ. 2024ರಲ್ಲಿ ಈ ಹಿರಿಯ ಅತಿಥಿ ತನ್ನ ಮೊದಲ ದಿನವೇ ಕೈತೋರಿಸಿದ. ಡಿಸೆಂಬರ್ 21ರ ಬೆಳಗಿಗೆ ಮುಗಿದ ರಾತ್ರಿ ಶ್ರೀನಗರದ ಉಷ್ಣಾಂಶ ಸೊನ್ನೆಗಿಂತ 8.5 ಡಿಗ್ರಿ ಸೆಲ್ಷಿಯಸ್ ಕೆಳಗಿಳಿದಿತ್ತು. ಐವತ್ತು ವರ್ಷಗಳಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಅಂತಹ ರಾತ್ರಿ ಬಂದಿರಲಿಲ್ಲ.

ಹಿಂದಿನವರು ಈ ಎಪ್ಪತ್ತು ದಿನಗಳನ್ನು ಮುತ್ತಿಗೆಗೆ ಸಿಕ್ಕಿದ ಕೋಟೆಯವರಂತೆ ಕಳೆಯಬೇಕಾಗಿತ್ತು. ಕಣಿವೆಯನ್ನು ಜಮ್ಮುವಿಗೆ ಸೇರಿಸುವ ಸುಮಾರು ಮುನ್ನೂರು ಕಿಲೋಮೀಟರಿನ ದಾರಿ ಬನಿಹಾಲ್ ಕಣಿವೆಮಾರ್ಗವನ್ನು ಹತ್ತಿ ಇಳಿಯುತ್ತಿದ್ದುದರಿಂದ, ಹಿಮ ಬಿದ್ದೊಡನೆ ಮುಚ್ಚಿಕೊಳ್ಳುತ್ತಿತ್ತು. 1956ರಲ್ಲಿ ಜವಾಹರ್ ಸುರಂಗ ತೆರೆದ ಮೇಲೆ ದಾರಿ ಸ್ವಲ್ಪ ಹಸನಾಯಿತು. 2021ರಲ್ಲಿ ಬನಿಹಾಲ್ ಮತ್ತು ಕಾಜಿಗುಂಡಗಳ ನಡುವೆ ಎಂಟೂವರೆ ಕಿಲೋಮೀಟರಿನ ಹೊಸ ಸುರಂಗ ಬಂತು. 2025ರ ಜೂನ್ ತಿಂಗಳಿನಲ್ಲಿ ಕಟ್ರಾದಿಂದ ಶ್ರೀನಗರಕ್ಕೆ ರೈಲು ಓಡಿತು. ಈಗ ಜನವರಿಯಲ್ಲಿಯೂ ಮಾರುಕಟ್ಟೆಯಲ್ಲಿ ಹಸಿ ಬದನೆಕಾಯಿ ದೊರೆಯುತ್ತದೆ. ಆದರೂ ಗುಡ್ಡ ಕುಸಿದು ಹೆದ್ದಾರಿ ನಿಂತ ದಿನ ತರಕಾರಿಯ ಬೆಲೆ ಮೇಲೇರುವುದನ್ನು ಕಂಡ ಮನೆಯವರು ಹಳೆಯ ಅಭ್ಯಾಸವನ್ನು ಪೂರ್ತಿ ಬಿಟ್ಟಿಲ್ಲ.

ಒಣಗಿಸಿದ ಈ ತರಕಾರಿಗೆ ‘ಹೋಖ್ ಸ್ಯೂನ್’ ಎಂದು ಹೆಸರು. ತಾವರೆ ದಂಟು, ಮೂಲಂಗಿ, ಹೊಲದ ಬದುವಿನ ಸೊಪ್ಪು, ಸೇಬಿನ ಹೋಳು, ಸಣ್ಣ ಮೀನು, ಒಣಗಬಲ್ಲದ್ದೆಲ್ಲವೂ ಒಣಗುತ್ತದೆ. ಬಿಸಿಲು ಖಾರವಾಗಿ, ಗಾಳಿಯಲ್ಲಿ ತೇವ ಕಡಿಮೆಯಾಗಿರುವ ಆಗಸ್ಟ್‌ನಿಂದ ಅಕ್ಟೋಬರಿನ ವರೆಗಿನ ದಿನಗಳೇ ಇದಕ್ಕೆ ತಕ್ಕ ಕಾಲ. ಒಂದು ಮೋಡದ ದಿನ ಅಲಕ್ಷ್ಯ ಮಾಡಿದರೆ ಬೂಷ್ಟು ಹಿಡಿದು ವಾರದ ಶ್ರಮ ಮಣ್ಣುಪಾಲು. ಗೆಡ್ಡೆಗಳಿಗೆ ಬೇರೆಯೇ ಉಪಾಯವಿದೆ. ಹಿತ್ತಲಿನಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ಆಲೂಗಡ್ಡೆ, ಗಜ್ಜರಿ, ಟರ್ನಿಪ್‌ಗಳನ್ನು ತುಂಬಿ ಮೇಲೆ ಹುಲ್ಲು ಮಣ್ಣು ಮುಚ್ಚುತ್ತಾರೆ. ಮೇಲ್ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿದರೂ ಕೆಳಗಿನ ಮಣ್ಣು ತನ್ನ ಬೆಚ್ಚನೆಯನ್ನು ಬಿಟ್ಟುಕೊಡುವುದಿಲ್ಲ; ತರಕಾರಿ ಹೆಪ್ಪುಗಟ್ಟುವುದೂ ಇಲ್ಲ, ಮೊಳೆಯುವುದೂ ಇಲ್ಲ.

ಕಣಿವೆಯ ಪಂಡಿತ ಕುಟುಂಬಗಳಲ್ಲಿ ಈ ಸಿದ್ಧತೆಗೆ ದೇವರ ಪಾಲೂ ಸೇರಿತ್ತು. ಪುಷ್ಯ ಮಾಸದ ಕೃಷ್ಣಪಕ್ಷದಲ್ಲಿ ಮೀನು ಅನ್ನ ಮಾಡಿ ಮನೆಯನ್ನು ಕಾಯುವ ಗೃಹದೇವತೆಗಾಗಿ ರಾತ್ರಿ ಮೇಲಂತಸ್ತಿನಲ್ಲಿ ಇರಿಸುವುದು ಒಂದು ಪದ್ಧತಿ. ಅಮಾವಾಸ್ಯೆಯಂದು ಯಕ್ಷನಿಗೆ ಖಿಚಡಿಯ ನೈವೇದ್ಯ. 1990ರಲ್ಲಿ ಆ ಕುಟುಂಬಗಳಲ್ಲಿ ಬಹುಪಾಲು ಕಣಿವೆಯನ್ನು ತೊರೆಯಬೇಕಾಯಿತು. ಹಿಮವನ್ನೇ ಕಾಣದ ಊರುಗಳ ಬಾಡಿಗೆಯ ಮನೆಗಳಲ್ಲಿ, ಬೆಂಗಳೂರಿನಂತಹ ದೂರದ ನಗರದಲ್ಲಿಯೂ, ಚಳಿಯಿಂದ ಕಾಯೆಂದು ಕೋರುವ ಆ ಅನ್ನವನ್ನು ಇನ್ನೂ ಬಡಿಸುವವರಿದ್ದಾರೆ.

ಚಿನಾರಿನ ಎಲೆ, ಮಡಿಲಿನ ಬೆಂಕಿ

ಅಕ್ಟೋಬರ್ ಕೊನೆಗೆ ಚಿನಾರ್ ಮರಗಳು ಕೆಂಪೇರಿ ಎಲೆ ಉದುರಿಸುತ್ತವೆ. ಆ ಬಣ್ಣವನ್ನು ಕಾಣಲೆಂದು ಜನ ದೂರದಿಂದ ಬರುತ್ತಾರೆ. ಊರಿನ ಬಡ ಹೆಂಗಸರು ಪೊರಕೆ ಹಿಡಿದು ಬರುತ್ತಾರೆ. ಗುಡಿಸಿ ರಾಶಿ ಹಾಕಿದ ಎಲೆಗೆ ಬೆಂಕಿಯಿಟ್ಟು, ಅದು ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಆರಿಸಿದರೆ ನವಿರಾದ ಇದ್ದಲು ಸಿಗುತ್ತದೆ. ಹಲವು ವಾರ ಊರಿನ ಮೇಲೆ ಹೊಗೆ ಮುಸುಕಿ ಕೆಮ್ಮು ಹೆಚ್ಚುವುದೂ ಇದರಿಂದಲೇ. ಈ ಇದ್ದಲು ಚೀಲಗಳಲ್ಲಿ ತುಂಬಿ ಉಗ್ರಾಣ ಸೇರಿತೆಂದರೆ ಕಾಂಗ್ರಿಯ ಆಹಾರ ಸಿದ್ಧವಾದಂತೆ.

ಕಾಂಗ್ರಿಯೆಂದರೆ ಕುಂಬಾರ ಮಾಡಿದ ಒಂದು ಮಣ್ಣಿನ ಬೋಗುಣಿ, ಅದರ ಸುತ್ತ ಬಳುಕುವ ಕಡ್ಡಿಗಳಿಂದ ಹೆಣೆದ ಬುಟ್ಟಿ, ಮೇಲೆ ಹಿಡಿಕೆ. ಚರಾರ್-ಎ-ಶರೀಫ್ ಊರಿನ ಹೆಣಿಗೆಗೆ ಹೆಸರು ದೊಡ್ಡದು. ಹೊಸ ಮದುವೆಯ ಹುಡುಗಿಗೆ ಕೊಡುವ ಕಾಂಗ್ರಿಗೆ ಬಣ್ಣದ ಕಡ್ಡಿ, ಕುಚ್ಚು, ಕನ್ನಡಿ ಬಿಲ್ಲೆಗಳ ಶೃಂಗಾರವೂ ಉಂಟು. ಬೋಗುಣಿಯಲ್ಲಿ ಇದ್ದಲ ಪುಡಿ ತುಂಬಿ, ಮೇಲೆ ನಾಲ್ಕು ಕೆಂಡವಿಟ್ಟು, ಬೂದಿ ಮುಚ್ಚಿ, ಮೊಣಕಾಲಿನ ಕೆಳಗಿಳಿಯುವ ಸಡಿಲವಾದ ಫೆರನ್ ಅಂಗಿಯೊಳಗೆ ಇರಿಸಿಕೊಂಡರೆ ಹಲವು ಗಂಟೆಗಳ ಕಾಲ ಮಡಿಲಿನಲ್ಲಿ ಬೇಸಿಗೆ. ಕಾವು ಕುಗ್ಗಿದಾಗ ಪಕ್ಕದಲ್ಲಿ ಕಟ್ಟಿದ ಪುಟ್ಟ ಸಟ್ಟುಗದಿಂದ ಒಮ್ಮೆ ಕೆದಕಿದರೆ ಸಾಕು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಾಂಗ್ರಿ ಕೋಣೆಯನ್ನು ಬೆಚ್ಚಗೆ ಮಾಡುವುದಿಲ್ಲ, ಮನುಷ್ಯನನ್ನು ಮಾಡುತ್ತದೆ. ಸೌದೆ ದುಬಾರಿಯಾದ ನಾಡಿನಲ್ಲಿ ಗೋಡೆ, ಮಾಡು, ಗಾಳಿಗಳನ್ನೆಲ್ಲ ಕಾಯಿಸುವ ದುಂದು ಯಾರಿಗೆ ಬೇಕು? ಬಡವನ ಮನೆಯಲ್ಲಿ ಕಿಟಕಿಯ ಸಂದಿನಿಂದ ಗಾಳಿ ನುಗ್ಗುತ್ತಿದ್ದರೂ ಫೆರನ್ನಿನೊಳಗೆ ಅವನ ದೇಹ ಬೆಚ್ಚಗಿರುತ್ತಿತ್ತು. ಇದಕ್ಕೆ ತೆತ್ತ ಬೆಲೆ ಸಾಮಾನ್ಯವಾದುದಲ್ಲ. ನಿದ್ದೆಯಲ್ಲಿ ಮಗ್ಗುಲಾದವರ ಹಾಸಿಗೆ ಹೊತ್ತಿಕೊಂಡದ್ದುಂಟು. ಎಳೆಯ ಮಕ್ಕಳು ಸುಟ್ಟುಕೊಂಡದ್ದುಂಟು. ವರ್ಷಗಟ್ಟಲೆ ಕಾವು ತಗುಲಿದ ತೊಡೆ ಹೊಟ್ಟೆಗಳ ಚರ್ಮದಲ್ಲಿ ಹುಟ್ಟುವ ಹುಣ್ಣನ್ನು ಶ್ರೀನಗರದಲ್ಲಿದ್ದ ಪಾದ್ರಿ ವೈದ್ಯ ಎಲ್ಮ್‌ಸ್ಲಿ 1866ರಲ್ಲಿಯೇ ವರ್ಣಿಸಿದ್ದ. ವೈದ್ಯಗ್ರಂಥಗಳಲ್ಲಿ ಅದಕ್ಕೆ ‘ಕಾಂಗ್ರಿ ಕ್ಯಾನ್ಸರ್’ ಎಂಬ ಹೆಸರೇ ನಿಂತಿದೆ.

ಉಸಿರಾಡುತ್ತಿದ್ದ ಗೋಡೆಗಳು

ಹಳೆಯ ಶ್ರೀನಗರದ ಮನೆ ಎರಡು ಬಗೆಯದು. ‘ತಾಖ್’ ಎಂಬುದು ದಪ್ಪ ಇಟ್ಟಿಗೆಯ ಕಂಬಗಳ ನಡುನಡುವೆ ಮರದ ಪಟ್ಟಿಗಳನ್ನು ಅಡ್ಡ ಹಾಯಿಸಿ ಕಟ್ಟಿದ್ದು. ‘ಧಜ್ಜಿ ದೆವಾರಿ’ ಎಂದರೆ ತೇಪೆಯ ಗೋಡೆ; ಮರದ ಚೌಕಟ್ಟಿನ ಸಣ್ಣ ಸಣ್ಣ ಅಂಕಣಗಳಲ್ಲಿ ಇಟ್ಟಿಗೆ, ಮಣ್ಣು ತುಂಬಿ ನಿಲ್ಲಿಸಿದ್ದು. ಭೂಮಿ ನಡುಗಿದಾಗ ಇವು ಜೊತೆಯಲ್ಲಿ ತೂಗಾಡಿ ನಿಲ್ಲುತ್ತವೆಂದು 1885ರ ಭೂಕಂಪದಲ್ಲಿಯೂ 2005ರ ಭೂಕಂಪದಲ್ಲಿಯೂ ಕಂಡುಬಂತು. ಚಳಿಯ ಮಾತಿಗೆ ಬಂದರೆ, ಮಣ್ಣಿನ ಗಾರೆ ತೇವವನ್ನು ಹೀರಿ ಮೆಲ್ಲಗೆ ಬಿಡುತ್ತದೆ, ಗೋಡೆ ಬೆವರುವುದಿಲ್ಲ. ಶರದೃತುವಿನಲ್ಲಿ ಹೆಂಗಸರು ಜೇಡಿಗೆ ಕತ್ತರಿಸಿದ ಹುಲ್ಲು ಕಲಸಿ, ಬೇಸಿಗೆಯಲ್ಲಿ ಬಿಟ್ಟ ಬಿರುಕುಗಳನ್ನೆಲ್ಲ ಮುಚ್ಚಿ ನೆಲ ಗೋಡೆ ಸಾರಿಸುತ್ತಿದ್ದರು.

ಮನೆಯೊಳಗೇ ಒಂದು ವಲಸೆ ನಡೆಯುತ್ತಿತ್ತು. ಬೇಸಿಗೆಯಲ್ಲಿ ಎತ್ತರದ ಅಂತಸ್ತಿನ ದೊಡ್ಡ ಕಿಟಕಿಗಳ ಹಜಾರ. ಚಳಿಗಾಲ ಬಂತೆಂದರೆ ಗಂಟು ಮೂಟೆ ಸಹಿತ ಇಡೀ ಸಂಸಾರ ಕೆಳಗಿನ ತಗ್ಗು ಮಾಡಿನ ಸಣ್ಣ ಕೋಣೆಗಳಿಗೆ ಇಳಿಯುತ್ತಿತ್ತು. ಕಿಟಕಿಗಳಲ್ಲಿ ಗಾಜಿರಲಿಲ್ಲ, ಮರದ ಜಾಲರಿಯ ಮೇಲೆ ಕಾಗದ ಅಂಟಿಸುತ್ತಿದ್ದರು. ಬೆಳಕು ಕಾಗದದ ಮೂಲಕ ಸೋಸಿ ಬರುತ್ತಿತ್ತು, ಗಾಳಿಯೂ ಒಂದಿಷ್ಟು. ವಸಂತದಲ್ಲಿ ಕಾಗದ ಹರಿದೆಸೆಯುವುದು ಮಕ್ಕಳ ಪಾಲಿನ ಹಬ್ಬವೇ ಆಗಿದ್ದಿರಬೇಕು. ಮಾಡಿಗೆ ಹಲಗೆಯ ಮೇಲೆ ಭೂರ್ಜಪತ್ರದ ಪದರ, ಅದರ ಮೇಲೆ ಮಣ್ಣು. ಪ್ರಾಚೀನರು ಶಾಸ್ತ್ರಗ್ರಂಥಗಳನ್ನು ಬರೆದಿಟ್ಟ ಅದೇ ಭೂರ್ಜದ ತೊಗಟೆ ನೀರಿಗೆ ಜಗ್ಗದೆ ಮನೆಯನ್ನೂ ಕಾಯುತ್ತಿತ್ತು. ಚೈತ್ರದಲ್ಲಿ ಆ ಮಣ್ಣಿನ ಮೇಲೆ ಹೂವು ಅರಳುತ್ತಿತ್ತು.

ಆದರೆ ಮಣ್ಣಿನ ಮಾಡಿನ ಹಿಮವನ್ನು ಬಿದ್ದಾಗಲೆಲ್ಲ ಸಲಿಕೆಯಿಂದ ತಳ್ಳಬೇಕು. ಹತ್ತಡಿ ಉದ್ದ ಹತ್ತಡಿ ಅಗಲದ ಮಾಡಿನ ಮೇಲೆ ಒಂದಡಿ ಹಿಮ ಬಿದ್ದರೆ, ಅದು ಹತ್ತಿಯಂತಹ ಹೊಸ ಹಿಮವಾದರೂ ಸುಮಾರು 280 ಕಿಲೋ ತೂಗುತ್ತದೆ. ಕುಸಿದು ನೀರು ಹೀರಿದ ಹಿಮವಾದರೆ ಎಂಟು ಕ್ವಿಂಟಲಿಗೂ ಹೆಚ್ಚು. ಕಡಿದಾದ ತಗಡಿನ ಮಾಡು ಬಂದ ಮೇಲೆ ಹಿಮ ತಾನಾಗಿಯೇ ಜಾರುತ್ತದೆ. ಜಾರುವಾಗ ಕೆಳಗೆ ಯಾರಿದ್ದಾರೆಂದು ನೋಡುವುದಿಲ್ಲ. ತಗಡಿನ ಅಂಚಿನಲ್ಲಿ ಹೆಪ್ಪುಗಟ್ಟಿ ಈಟಿಗಳಂತೆ ಇಳಿಬೀಳುವ ನೀರ್ಗಲ್ಲಿಗೆ ಅಲ್ಲಿಯ ಹೆಸರು ‘ಶಿಶರ್‌ಗಾಂಠ್’. ನಮ್ಮ ಶಿಶಿರವೇ ಆ ಹೆಸರಿನಲ್ಲಿ ಅಡಗಿದೆ. ಶಿಶಿರದ ಈ ಗಂಟುಗಳನ್ನು ಕೋಲಿನಿಂದ ಬಡಿದು ಉದುರಿಸಿದ ಮೇಲೆಯೇ ಬೆಳಿಗ್ಗೆ ಮಕ್ಕಳನ್ನು ಅಂಗಳಕ್ಕೆ ಬಿಡುವುದು.

ಬಿಗಿದ ಮನೆಯ ಅಪಾಯ

ಈಗಿನ ಮನೆ ಸಿಮೆಂಟಿನದು. ಗಾಜಿನ ಕಿಟಕಿ, ಅದರ ಮೇಲೆ ಚಳಿಗಾಲಕ್ಕೆಂದು ಬಿಗಿದ ಪ್ಲಾಸ್ಟಿಕ್ ಹಾಳೆ, ಬಾಗಿಲ ಸಂದಿಗೆ ತುರುಕಿದ ಚಿಂದಿ, ನೆಲದ ತುಂಬ ಜಮಖಾನೆ. ಸಿಮೆಂಟಿನ ಗೋಡೆ ಬೇಗನೆ ತಣ್ಣಗಾಗುವುದರಿಂದ ಕೋಣೆಯನ್ನೇ ಕಾಯಿಸದೆ ಗತಿಯಿಲ್ಲ. ಅನುಕೂಲವಂತರು ‘ಹಮಾಮ್’ ಕಟ್ಟಿಸುತ್ತಾರೆ. ಕಲ್ಲು ಚಪ್ಪಡಿಯ ನೆಲದಡಿಯಲ್ಲಿ ಟೊಳ್ಳು ಬಿಟ್ಟು, ಹೊರಗಿನಿಂದ ಸೌದೆ ಉರಿಸಿದರೆ ಬಿಸಿ ಹೊಗೆ ನೆಲದಡಿಯೇ ಸುಳಿದು ಚಿಮಣಿಯಿಂದ ಹೊರಟುಹೋಗುತ್ತದೆ. ನೆಲ ಕಾದು ಮನೆಮಂದಿಯೆಲ್ಲ ಅದರ ಮೇಲೆಯೇ ಕುಳಿತು ಉಂಡು ಮಲಗಬಹುದು. ತಾಮ್ರದ ಹಂಡೆಯಲ್ಲಿ ಬಿಸಿನೀರೂ ಸಿದ್ಧ. ಮಸೀದಿಗಳಲ್ಲಿ ಕೈಕಾಲು ತೊಳೆಯುವವರಿಗೆ ಆಸರೆಯಾಗಿದ್ದ ಈ ಏರ್ಪಾಡು ಮನೆಗಳಿಗೆ ಬಂದದ್ದು ಜಾಣತನವೇ ಸರಿ. ಮಧ್ಯಮ ವರ್ಗದವರಿಗೆ ‘ಬುಖಾರಿ’ ಎಂಬ ತಗಡಿನ ಒಲೆ, ಅದಕ್ಕೆ ಮಾಡಿನಾಚೆಗೆ ಹೋಗುವ ಕೊಳವೆ. ಮರದ ಹೊಟ್ಟನ್ನು ನಡುವೆ ಒಂದು ಕೋಲು ನಿಲ್ಲಿಸಿ ಗಟ್ಟಿಯಾಗಿ ಅಡಕಿ, ಕೋಲು ತೆಗೆದ ರಂಧ್ರದಲ್ಲಿ ಬೆಂಕಿ ಹಚ್ಚುವ ಬುಖಾರಿಗಳೂ ಇವೆ.

ಉಳಿದವರಿಗೆ ವಿದ್ಯುತ್ತು. ಆದರೆ ಹಿಮ ಕರಗದ ಕಾಲದಲ್ಲಿ ನದಿಗಳು ಸೊರಗಿ ಜಲವಿದ್ಯುತ್ತಿನ ಉತ್ಪಾದನೆ ಕುಗ್ಗುತ್ತದೆ. ಅದೇ ಹೊತ್ತಿಗೆ ಮನೆಮನೆಯ ಹೀಟರುಗಳಿಂದ ಬೇಡಿಕೆ ಏರುತ್ತದೆ. ದೀಪ ಹೋದಾಗ ಅಡುಗೆ ಅನಿಲದ ಹೀಟರು ಕೋಣೆಯೊಳಗೆ ಬರುತ್ತದೆ, ಇಲ್ಲವೆ ಇದ್ದಲ ಅಗ್ಗಿಷ್ಟಿಕೆ. ಅವಕ್ಕೆ ಕೊಳವೆಯಿಲ್ಲ.

2025ರ ಜನವರಿಯ ಮೊದಲ ವಾರದಲ್ಲಿ ಶ್ರೀನಗರದ ಒಂದು ಬಾಡಿಗೆಯ ಮನೆಯಲ್ಲಿ ಗಂಡ, ಹೆಂಡತಿ, ಮೂವರು ಮಕ್ಕಳು, ಐವರೂ ಉಸಿರುಕಟ್ಟಿ ಸತ್ತದ್ದು ಕಣಿವೆಯನ್ನೇ ನಡುಗಿಸಿತು. ಅಂತಹ ಸುದ್ದಿ ಬಾರದ ಚಳಿಗಾಲ ಅಪರೂಪ. ಇಲ್ಲಿ ಕೊಲ್ಲುವುದು ಕಣ್ಣಿಗೆ ಕಾಣುವ ಹೊಗೆಯಲ್ಲ. ಗಾಳಿ ಸಾಲದೆ ಅರೆಬರೆ ಉರಿದ ಇದ್ದಲಿನಿಂದ, ಅನಿಲದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಬಳಿಕ ಓಕರಿಕೆ, ಕಾಲಿನಲ್ಲಿ ಬಲವಿಲ್ಲದ ಭಾವ, ಹಿತವಾದ ಮಂಪರು. ಮಲಗಿದವನಿಗೆ ಇದಾವುದೂ ತಿಳಿಯುವುದೇ ಇಲ್ಲ. ಕಾಂಗ್ರಿಯೂ ಇದೇ ವಿಷವನ್ನು ಕಾರುತ್ತದೆ. ಆದರೆ ಕಾಗದದ ಕಿಟಕಿಯ, ಸಂದು ಬಿಟ್ಟ ಹಲಗೆಯ ಆ ಮನೆ ತಾನಾಗಿಯೇ ಅದನ್ನು ಹೊರಹಾಕುತ್ತಿತ್ತು. ಹೊಸ ಮನೆ ಒಳಗಿನ ಒಂದು ಉಸಿರನ್ನೂ ಹೊರಗೆ ಬಿಡದಷ್ಟು ಚೆನ್ನಾಗಿ ಸಿದ್ಧವಾಗಿದೆ.

ಆದ್ದರಿಂದ ವೈದ್ಯರು ಹೇಳುವ ಸಿದ್ಧತೆ ಮುಚ್ಚುವುದಕ್ಕಿಂತ ತೆರೆಯುವುದನ್ನು ಕುರಿತದ್ದು. ಬುಖಾರಿಯ ಕೊಳವೆಯಲ್ಲಿ ಹಿಂದಿನ ವರ್ಷದ ಮಸಿಯೋ ಹಕ್ಕಿಯ ಗೂಡೋ ಕಟ್ಟಿಕೊಂಡಿದ್ದರೆ ಮೊದಲ ಬೆಂಕಿಗೆ ಮುನ್ನವೇ ತೆಗೆಸಬೇಕು. ಕಿಟಕಿಯೊಂದನ್ನು ಬೆರಳಗಲವಾದರೂ ಬಿಟ್ಟಿರಬೇಕು. ಮಲಗುವ ಮುನ್ನ ಹೀಟರು ಆರಬೇಕು. ಕೆಂಡ ಹೊಸ್ತಿಲಾಚೆ ಹೋಗಬೇಕು. ಅಗ್ಗಿಷ್ಟಿಕೆಯ ಬಳಿ ಕುಳಿತ ಇಬ್ಬರಿಗೆ ಒಟ್ಟಿಗೇ ತಲೆನೋವು ಬಂದರೆ ಅದನ್ನು ಶೀತವೆಂದುಕೊಳ್ಳದೆ ಎಲ್ಲರೂ ಹೊರಗೆ ಬರಬೇಕು.

ನೀರಿನ ಕೊಳಾಯಿಗೂ ಒಂದು ತೆರೆಯುವ ಉಪಾಯವಿದೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತು ಪಾಲಿನಷ್ಟು ಹಿಗ್ಗಿ ಕಬ್ಬಿಣದ ಕೊಳವೆಯನ್ನೂ ಸೀಳುತ್ತದೆ. ಹೊರಗಿನ ಕೊಳವೆಗೆ ಗೋಣಿ, ಹುಲ್ಲು ಸುತ್ತಿ, ರಾತ್ರಿ ನಲ್ಲಿಯನ್ನು ತೊಟ್ಟಿಕ್ಕುವಂತೆ ಬಿಟ್ಟರೆ ಹರಿಯುವ ನೀರು ಸುಲಭವಾಗಿ ಹೆಪ್ಪುಗಟ್ಟದು. ಕಟ್ಟಿಕೊಂಡ ಕೊಳವೆಗೆ ಬೆಳಿಗ್ಗೆ ಕಾಗದದ ಪಂಜು ಹಿಡಿಯುವವರಿದ್ದಾರೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯೇ ಮೇಲು.

ಪಂಚಾಂಗ ತಪ್ಪಿದ ವರ್ಷಗಳು

ಎಲ್ಲ ಸಿದ್ಧತೆಯೂ ಚಳಿ ತನ್ನ ದಿನಕ್ಕೆ ಬರುತ್ತದೆಂಬ ನಂಬಿಕೆಯ ಮೇಲೆ ನಿಂತಿದೆ. 2014ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಝೀಲಂ ನದಿ ಉಕ್ಕಿ ಶ್ರೀನಗರದ ಬಹುಭಾಗ ಮುಳುಗಿದಾಗ, ಒಣಗಲಿಟ್ಟ ತರಕಾರಿ, ಕೂಡಿಟ್ಟ ಅಕ್ಕಿ, ಹಾಸಿಗೆ, ಸೌದೆ ಎಲ್ಲವೂ ಕೆಸರಾದವು. ಮಣ್ಣಿನ ಗೋಡೆಗಳು ಕರಗಿ ಕುಳಿತವು. ನೀರು ಇಳಿದಾಗ ಚಿಲ್ಲೈ ಕಲಾನ್‌ಗೆ ಉಳಿದಿದ್ದುದು ಮೂರೇ ತಿಂಗಳು. ಮನೆ ಕಳೆದುಕೊಂಡವರು ತಗಡಿನ ಜೋಪಡಿಗಳಲ್ಲಿ ಆ ನಲವತ್ತು ದಿನಗಳನ್ನು ಕಳೆದರು. 2018ರಲ್ಲಿಯೂ 2019ರಲ್ಲಿಯೂ ನವೆಂಬರ್ ಮೊದಲಿಗೇ ಭಾರಿ ಹಿಮ ಸುರಿಯಿತು. ಸೇಬಿನ ಮರಗಳು ಇನ್ನೂ ಎಲೆ ಉದುರಿಸಿರಲಿಲ್ಲ. ಎಲೆಗಳ ಮೇಲೆ ಕುಳಿತ ಹಿಮದ ಭಾರಕ್ಕೆ ಕೊಂಬೆಗಳು ಮುರಿದು, ಎಷ್ಟೋ ವರ್ಷ ಸಾಕಿದ ತೋಟಗಳು ನೆಲಕ್ಕೊರಗಿದವು. ಇದಕ್ಕೆ ತದ್ವಿರುದ್ಧವಾಗಿ 2024ರ ಜನವರಿಯ ಬಹುಭಾಗದಲ್ಲಿ ಗುಲ್ಮಾರ್ಗದ ಇಳಿಜಾರುಗಳೇ ಬರಿದಾಗಿದ್ದವು. ಹಿಮವಿಲ್ಲದ ಚಳಿಗಾಲ ಸುಖವೆಂದು ತಿಳಿಯಬಾರದು. ಬೆಟ್ಟದ ಮೇಲೆ ಕೂಡಿದ ಹಿಮವೇ ಬೇಸಿಗೆಯಲ್ಲಿ ಕರಗಿ ಗದ್ದೆಗೂ ಕುಡಿಯುವ ಕೊಡಕ್ಕೂ ಬರಬೇಕಾದ ನೀರು.

ಅದರಿಂದಲೇ ಇರಬೇಕು, ಇಷ್ಟೆಲ್ಲ ಭಯವಿಟ್ಟುಕೊಂಡೂ ಮೊದಲ ಹಿಮವನ್ನು ಕಣಿವೆಯ ಜನ ಶುಭಾಶಯ ಹೇಳಿ ಬರಮಾಡಿಕೊಳ್ಳುತ್ತಾರೆ. ಅಂದು ಒಂದು ಆಟವೂ ಉಂಟು. ಅಂಗಳದಿಂದ ಹಿಡಿ ಹಿಮವನ್ನು ಬಾಚಿ, ಉಡುಗೊರೆಯೆಂಬಂತೆ ಸುತ್ತಿ, ನಂಟರ ಮನೆಗೋ ಗೆಳೆಯರ ಮನೆಗೋ ಕಳುಹಿಸುತ್ತಾರೆ. ಏನೆಂದು ತಿಳಿಯದೆ ಕೈನೀಡಿ ತೆಗೆದುಕೊಂಡವನು ಸೋತಂತೆ. ಅವನು ಔತಣ ಕೊಡಬೇಕು. ಸೋತ ಮನೆಯಲ್ಲಿ ಸಮಾವರಿನ ಕೆಂಡ ಹೊತ್ತುತ್ತದೆ, ಉಪ್ಪು ಹಾಕಿದ ನಸುಗೆಂಪು ಚಹ ಕುದಿಯುತ್ತದೆ, ಬೆಚ್ಚನೆಯ ನೀರಿನಲ್ಲಿ ನೆನೆದ ಬದನೆಕಾಯಿ ಸೆಪ್ಟೆಂಬರಿನ ಬಿಸಿಲಿನ ವಾಸನೆಯೊಡನೆ ಒಲೆಗೇರುತ್ತದೆ. ಊಟ ಮುಗಿದು ನಂಟರು ಹೊರಟ ಮೇಲೆ ಮನೆಯ ಹಿರಿಯಾಕೆ ಕಾಂಗ್ರಿಗಳನ್ನೆಲ್ಲ ಎಣಿಸಿ ಹೊರಗಿನ ಪಡಸಾಲೆಯಲ್ಲಿ ಸಾಲಾಗಿ ಇರಿಸುತ್ತಾಳೆ. ಒಳಗೆ ಬಂದು, ಮಲಗಿದ ಮಕ್ಕಳ ಹೊದಿಕೆ ಸರಿಪಡಿಸಿ, ಕಿಟಕಿಯ ಒಂದು ಬಾಗಿಲನ್ನು ಬೆರಳಗಲ ತೆರೆದು ಕೊಕ್ಕೆ ಸಿಕ್ಕಿಸುತ್ತಾಳೆ.